ಹೊಸ್ತಿಲಾಚೆಯ ಕುರ್ಚಿ

ಗುರುವಾರ, ಹನ್ನೆರಡನೇ ತಾರೀಕು.

ಇವತ್ತು ಕಳ್ಳಾಟ ಆಡಿ ಸಿಕ್ಕಿಬಿದ್ದೆ.

ಎರಡು ವರ್ಷದಿಂದ ಈ ಶಾಲೆಯಲ್ಲಿ ಸಹಾಯಕಿ ನಾನು; ತರಗತಿಯಲ್ಲಿ ಗುಬ್ಬಿ ಎಂಬ ಪುಟ್ಟ ಹುಡುಗಿಯ ಪಕ್ಕ ಕೂರುವುದೇ ನನ್ನ ಕೆಲಸ. ಮೊದಮೊದಲು ಮಾತು ಕೇಳಿದರೇ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅದಕ್ಕೇ ‘ಕೂತ್ಕೋ’ ಎನ್ನುವ ಬದಲು ಅವಳ ಕುರ್ಚಿಯನ್ನು ಎರಡು ಸಲ ತಟ್ಟಿ ಕೂರಿಸುತ್ತಿದ್ದೆ. ಗಂಟೆ ಹೊಡೆಯುವ ಮುಂಚೆ ಗಂಟೆಯ ಚಿತ್ರ ತೋರಿಸದಿದ್ದರೆ ಕೈ ಕಚ್ಚಿಕೊಳ್ಳುತ್ತಿದ್ದಳು. ಈಗ ನಾನಿಲ್ಲದೆಯೂ ಇರಲು ಕಲಿಯಬೇಕಂತೆ. ಆಟಿಸಂ ಇರುವ ಮಕ್ಕಳಿಗೆ ಹೀಗೆ ನಿಧಾನವಾಗಿ ಅಭ್ಯಾಸ ಮಾಡಿಸಬೇಕು ಎಂದು ಟೀಚರ್ ಹೇಳಿದರು. ನನ್ನ ಕುರ್ಚಿ ದಿನಕ್ಕೊಂದು ನೆಲದ ಕಲ್ಲಿನಷ್ಟು ಹಿಂದಕ್ಕೆ ಹೋಗುತ್ತಿದೆ.

ಇವತ್ತು ಹೊಸ್ತಿಲು ದಾಟಬೇಕಿತ್ತು. ನಾನು ನಿನ್ನೆಯ ಕಲ್ಲಿನ ಮೇಲೇ ಕೂತೆ. ಟೀಚರ್ ಗಮನಿಸಲಿಲ್ಲ.

ಗುಬ್ಬಿ ಎದ್ದು ಬಂದಳು. ನನಗಾಗಿಯೇ ಬಂದಳೆಂದು ಎದೆ ಹಿಗ್ಗಿತು. ಅವಳು ನನ್ನ ತೋಳು ಹಿಡಿದು ಎಬ್ಬಿಸಿ, ಕುರ್ಚಿಯನ್ನು ಕರಕರ ಎಳೆದುಕೊಂಡು ಹೋಗಿ ಹೊಸ್ತಿಲಾಚೆ ಇಟ್ಟಳು.

“ಅಯ್ಯೋ, ಲೆಕ್ಕ ತಪ್ಪಿಸ್ತಿದ್ದೀಯೇನೇ? ನಿನಗಿಂತ ಅವಳೇ ವಾಸಿ ಕಣೇ!” ಎಂದು ಟೀಚರ್ ನಕ್ಕರು.

“ಮರೆತುಹೋಯ್ತು ಮೇಡಂ” ಎಂದೆ.

ಗಂಟೆಯ ಹೊತ್ತಿಗೆ ಗುಬ್ಬಿ ತಾನೇ ಚಿತ್ರ ಎತ್ತಿ ನೋಡಿದಳು. ಕೈ ಕಚ್ಚಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಚಪ್ಪಾಳೆಯ ಸದ್ದು ಅವಳಿಗಾಗದು, ಅದಕ್ಕೇ ಟೀಚರ್ ನನ್ನತ್ತ ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ.

ಖುಷಿಪಡಬೇಕು. ಇಷ್ಟು ದಿನ ಒದ್ದಾಡಿದ್ದು ಇದಕ್ಕೇ ತಾನೇ? ಆದರೆ ಕೋಣೆಗೆ ಬಂದ ಮೇಲೆ ಊಟ ಸೇರಲಿಲ್ಲ. ಹೇಳಿಕೊಳ್ಳೋಣವೆಂದರೆ ಇಲ್ಲಿ ಯಾರಿದ್ದಾರೆ.

ಇನ್ನೊಂದೇ ಮಾತು ಬರೆದು ಮಲಗುತ್ತೇನೆ. ಕುರ್ಚಿಯನ್ನು ಹೊರಗಿಟ್ಟ ಮೇಲೆ, ಒಳಗೆ ಹೋಗುವ ಮುಂಚೆ, ಗುಬ್ಬಿ ಅದನ್ನು ಎರಡು ಸಲ ತಟ್ಟಿದಳು. ನಾನು ಕೂತೆ.