ಸುರಗಿಗಿ ಕರೀಲಿಲ್ಲ

ತಿಂಥಣಿ
೧೮ ಮೇ ೨೦೨೪

ನನ್ನ ಮಗಳು ಭಾರತಿಗಿ ನಿಮ್ಮವ್ವ ಮಾಡುವ ಆಶೀರ್ವಾದ. ಇಲ್ಲಿ ಅರಾಮ ಅದೀನಿ. ಯಾದಗಿರ್ಯಾಗ ನೀನೂ ನಿನ್ನ ಗಂಡ ಬಾಲರಾಜನೂ ಅರಾಮ ಇದ್ದೀರಂತ ತಿಳಕೊಂಡೀನಿ. ಕಾಗದ ತಡ ಆತು, ಸಿಟ್ಟಾಗಬ್ಯಾಡ. ಏನ ಮಾಡ್ಲಿ, ಫೋನ ಮಾಡಿದ್ರ ಕಟ್ ಮಾಡ್ತಿ. ಏಳನೇತ್ತ ಓದಿದ ಕೈ, ಅಕ್ಷರ ಸೊಟ್ಟ ಅದಾವ, ಓದಿಕೋ.

ನಿನ್ನ ತಂಗಿ ರೇಣುಕಾನ ಮದಿವಿ ಆತು. ಸುರಪುರದ ಬೀಗರು ಛಲೋ ಮಂದಿ. ಅಳಿಯ ತಿರುಪತಿದು ಮಾತು ಕಮ್ಮಿ, ಊಟ ಜಾಸ್ತಿ! ಹೋಳಗಿ ಮ್ಯಾಲ ಹೋಳಗಿ ಹೊಡದ. ನೀ ಇದ್ದಿದ್ರ ನಕ್ಕು ನಕ್ಕು ಸಾಯತಿದ್ದಿ.

ನಮ್ಮ ಮಂದಿ ರೀತಿ ನಿನಗ ಹೊಸಾದಲ್ಲ. ಗಂಡ ಸತ್ತಾಕಿಗಿ ಇನ್ನೊಬ್ಬನ ಕೈಲಿ ಸೀರಿ ಉಡಿಸಿ ಕೊಟ್ರ ಅದು ಉಡಕಿ, ಲಗ್ನ ಅಲ್ಲ ಅಂತಾರ. ಉಡಕಿ ಆದಾಕಿ, ನಾಕು ತಂಬಗಿ ನಡುವ ಸುರಗ್ಯಾಗ ಕುಂತ ಮದುಮಗಳಿಗಿ ನೀರು ಹಾಕಂಗಿಲ್ಲ, ಮುತ್ತೈದೇರ ಸಾಲಿನ್ಯಾಗ ಕುಂದ್ರಂಗಿಲ್ಲ. ಉಣ್ಣಾಕ ಸೈತ ಕಡೀ ಪಂಕ್ತಿ. ಹೊರಗಿನವರಿಗಿ ನಾವೆಲ್ಲ ಒಂದೇ. ನಮ್ಮೊಳಗಿನ ಮ್ಯಾಲ-ಕೆಳಗ ನಮಗೇ ಗೊತ್ತು. ಸಣ್ಣ ವಯಸ್ಸಿನ್ಯಾಗ ಕುಂಕುಮ ಅಳಿಸಿಕೊಂಡು ಕುಂತ ಮಗಳಿಗಿ ನಾನೇ ನಿಂತು ಉಡಕಿ ಮಾಡೀನಿ. ಬಾಲರಾಜ ನಿನ್ನ ಕಣ್ಣಾಗಿಟ್ಟು ನೋಡಾಕತ್ಯಾನ. ಯಾರು ಏನರೆ ಅನ್ನಲಿ, ನಾ ಮಾಡಿದ್ದು ಬರೋಬರಿನೇ ಅದ.

ಆದ್ರ ಮೊನ್ನಿ ಅಂವ ಶಹಾಪುರ ಬಸ್ಟ್ಯಾಂಡಿನ್ಯಾಗ ನಮ್ಮ ಹಿರ್ಯಾ ಗುರಪ್ಪ ಮಾವನ ಅಂಗಿ ಹಿಡದ ಅಂತ ಕೇಳಿದೆ. "ನನ್ನ ಹೇಣ್ತಿನ ತವರಮನಿ ಮದಿವಿಗಿ ಬರಲಾರದಂಗ ಮಾಡಿದಾಂವ ನೀನೇ" ಅಂದನಂತ. ಮುದುಕ ತುಟಿ ಪಿಟಕ್ ಅನ್ನಲಿಲ್ಲಂತ. ಬ್ಯಾಡವ್ವ, ಗಂಡಗ ತಿಳಿಸಿ ಹೇಳು. ಆ ಜೀವಕ್ಕ ಶಾಪ ಹಾಕಬ್ಯಾಡ್ರಿ.

ನೀ ಕಳಿಸಿದ ಇಳಕಲ್ ಸೀರಿ ರೇಣುಕಾ ಒಯ್ಯಲಿಲ್ಲ. ಅದನ್ನ ನಾನೇ ಉಟಗೊಂಡು ಇದನ್ನ ಬರ್ಯಾಕತ್ತೇನಿ. ಒಂದ ಕಣ್ಣಿಗಿ ಬೆಣ್ಣಿ, ಒಂದ ಕಣ್ಣಿಗಿ ಸುಣ್ಣ ಹಚ್ಚಿದಾಕಿ ಅಂತಿ. ಅನ್ನು, ಅನಿಸಿಕೊಳ್ತೀನಿ. ನನ್ನ ಕೈಲಿ ಏನೂ ಆಗಲಿಲ್ಲ ಮಗಳ.

ತಿಂಥಣಿ ಮೋನಪ್ಪಯ್ಯ ನಿನ್ನ ಹೊಟ್ಟಿ ತಣ್ಣಗಿಡಲಿ. ಒಂದ ಸಲರೆ ಫೋನ ಎತ್ತು.

ನಿಮ್ಮವ್ವ
ಸಾಯಬಮ್ಮ

ತಾ.ಕ.: ಹಿರ್ಯಾರು ಬ್ಯಾಡ ಅಂದ್ರು ಅಂತ ನಾನೇ ನಿನಗ ಹೇಳಿದ್ದೆ. ಸುಳ್ಳು. ಗುರಪ್ಪ ಮಾವ ಮನೀಗಿ ಬಂದು, "ಭಾರತಿನ್ನ ಕರೀರಿ. ನೀರು ಹಾಕದಿದ್ರೂ ಕಣ್ಣೀಲೆ ನೋಡ್ಲಿ. ಯಾರು ಏನಂತಾರ ನಾ ನೋಡ್ತೀನಿ" ಅಂದಿದ್ದ. ಬ್ಯಾಡ ಅಂದಾಕಿ ರೇಣುಕಾ. "ಅಕ್ಕ ಬಂದು ನಿಂತ್ರ ನನಗೂ ಉಡಕಿ ಮನಿಯಾಕಿ ಅಂತಾರ. ನಾಳಿ ನನ್ನ ಮಕ್ಕಳಿಗಿ ಯಾರವ್ವ ಹೆಣ್ಣ ಕೊಡ್ತಾರ?" ಅಂದಳು. ನೀ ಬಗಲಾಗ ಹೊತ್ತು ಬೆಳಸಿದ ಕೂಸು. ಆಕಿ ಹೆಸರು ಮುಚ್ಚಿಟ್ಟು ಹಿರ್ಯಾರ ಮ್ಯಾಲ ಹಾಕಿದೆ. ಸುರಗ್ಯಾಗ ಕುಂತಾಗ "ನೀರು ಸುಡ್ತಾವ, ನೀರು ಸುಡ್ತಾವ" ಅಂತ ಅತ್ತಳು. ನಾ ಕೈ ಅದ್ದಿ ನೋಡಿದೆ. ನೀರು ಬೆಚ್ಚಗ ಸೈತ ಇರಲಿಲ್ಲ.