ಅರವತ್ತೆರಡು ಉಸಿರು

ಜನವರಿ 9, ಬೆಳಿಗ್ಗೆ 7
ಆಕ್ಸಿಜನ್ 94. ಜ್ವರ ಇಲ್ಲ. ಕೆಮ್ಮು ಇದೆ. ಈ ನ್ಯುಮೋನಿಯಾ ಬಿಟ್ಟು ಹೋಗುವಾಗಲೂ ಎದೆ ಕೆರೆದುಕೊಂಡೇ ಹೋಗುತ್ತದೆ. ಡಾಕ್ಟರು ದಿನಾ ಬರೆಯಲು ಹೇಳಿದ್ದು ಇಷ್ಟೇ. ಉಳಿದದ್ದು ನನ್ನ ಹೊಟ್ಟೆಯುರಿ.

ಐದು ತಿಂಗಳ ಮೊಮ್ಮಗ ಪ್ರಥಮನಿಗೂ ನಿನ್ನೆಯಿಂದ ಕೆಮ್ಮು. ಮಗ ಮನೋಹರ ಲಾರಿ ಮೇಲೆ ಹೋಗಿದ್ದಾನೆ. ಬೀಗಿತ್ತಿ ಗಂಗವ್ವ ಬಂದಿಳಿದಳು. ನನ್ನ ಹಾಸಿಗೆ ಪಡಸಾಲೆಯಿಂದ ಹೊರಕಟ್ಟೆಗೆ.

"ಕೂಸಿಗೆ ಹಚ್ಚಿದವ್ರು ನೀವ. ಇನ್ನ ಹೊಸ್ತಿಲ ದಾಟಬ್ಯಾಡ್ರಿ."

ದಾಟಲಿಲ್ಲ. ಕಿಟಕಿಗೆ ಹೊಸ್ತಿಲಿಲ್ಲ.

ಜನವರಿ 10, ಮಧ್ಯಾಹ್ನ
93. ಮಾಸ್ಕ್ ಹಾಕಿ ಕಿಟಕಿಯಲ್ಲಿ ನಿಂತೆ. ಕೂಸು ಮಲಗಿತ್ತು. ಹೊಟ್ಟೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ಹಿಡಿದು ಪೂರ್ತಿ ನಿಮಿಷ. ಲಾಭ, ಎರಡು, ಮೂರು... ಭತ್ತ ಅಳೆದ ಬಾಯಿ, 'ಒಂದು' ಅನ್ನುವುದೇ ಇಲ್ಲ. ಐವತ್ತೆರಡು. ಐವತ್ತು ದಾಟಿದರೆ ತಡಮಾಡಬೇಡಿ ಅಂತ ಡಾಕ್ಟರು ಸೊಸೆ ಚೇತನಾಳಿಗೆ ಹೇಳಿದ್ದರು. ಕೂಗಿ ಹೇಳಿದೆ.

ಗಂಗವ್ವ ನಕ್ಕಳು. "ಕೂಸಿನ ಎದಿ ಏನ್ ಭತ್ತದ ರಾಶಿ ಏನ್ರೀ, ಲಾಭ ಅನ್ನಾಕ? ನಮ್ಮಪ್ಪನ ಕಣದಾಗ ಅಳಿಯಾಕ ಬಂದು ಎರಡು ಕೊಳಗ ನುಂಗಿದ ಬಾಯಿ ಅದು. ಚೇತನಾ, ಇವ್ರ ಲೆಕ್ಕ ನಂಬಬ್ಯಾಡ."

ಚೇತನಾ ನಂಬಲಿಲ್ಲ. ಎದೆಗೆ ಬಿಸಿ ಎಣ್ಣೆ ಹಚ್ಚಿದರು.

ಮೂವತ್ತು ವರ್ಷ ಅದು ಸುಳ್ಳು ಅಂತಲೇ ಸಾಧಿಸಿದೆ. ಇಲ್ಲಿ ಯಾರು ಓದುತ್ತಾರೆ — ನುಂಗಿದ್ದು ನಿಜ.

ಜನವರಿ 11, ಬೆಳಿಗ್ಗೆ
ನನ್ನದು ನೋಡಲಿಲ್ಲ. ಕೂಸಿನದು ಅರವತ್ತೆರಡು. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ. ಹಾಲು ಕುಡಿಯುವುದು ಬಿಟ್ಟಿದೆ. "ಮೂಗು ಕಟ್ಟೈತಿ, ಅಷ್ಟ," ಅಂದಳು ಗಂಗವ್ವ.

ಕಿಟಕಿ ಸರಳು ಹಿಡಿದು ಅರಚಿದೆ. "ಹೌದವ್ವಾ, ಎರಡು ಕೊಳಗ ನಾನ ಕದ್ದೇನಿ! ಕಳ್ಳ ನಾನು! ಆದ್ರ ಇದು ಕಳ್ಳ ಲೆಕ್ಕ ಅಲ್ಲ!"

ಚೇತನಾ ಕೂಸನ್ನೆತ್ತಿಕೊಂಡು ಎದ್ದಳು. ಪಕ್ಕದ ಮನೆ ಜಹಾಂಗೀರ್ ಓಮ್ನಿ ತಂದ. ನಾನು ಹತ್ತಲು ಹೋದೆ. ಗಂಗವ್ವ ಬಾಗಿಲು ಎಳೆದುಕೊಂಡಳು. ಸ್ವಲ್ಪ ತಡವಾಗಿದ್ದರೆ ಬೆರಳು ಸಿಕ್ಕುತ್ತಿತ್ತು.

ಸಂಜೆ
ಫೋನು ಬಂತು. ಯಲ್ಲಾಪುರದ ಆಸ್ಪತ್ರೆಯಲ್ಲಿ ಕೂಸಿಗೆ ಆಕ್ಸಿಜನ್ ಹಾಕಿದ್ದಾರೆ. ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತಂತೆ. ಹೇಳಿದ್ದು ಚೇತನಾ. ಗಂಗವ್ವ ಫೋನು ಕಸಿದುಕೊಂಡಳು. "ನರ್ಸು ಎಣಿಸಿದ್ಳು. ಅರವತ್ನಾಕು. ಇಲ್ಲೂ ಎರಡು ನುಂಗೀರಿ."

ಕಟ್ ಮಾಡಿದಳು.

ಜನವರಿ 14
96. ಚೇತನಾ ವಿಡಿಯೋ ಕಳಿಸಿದ್ದಾಳೆ. ಮೂಗಿನಲ್ಲಿ ನಳಿಕೆ ಇಲ್ಲ! ಕೂಸು ನಿದ್ದೆಯಲ್ಲಿದೆ. ಎಣಿಸುತ್ತ ಹೋದೆ. ಹದಿನೈದಕ್ಕೆ ಗಂಗವ್ವನ ಕೈ ಅಡ್ಡ ಬಂತು. ಮುದುಕಿ ಬೇಕಂತಲೇ... ಅಲ್ಲ. ಹೊದಿಕೆ ಸರಿಸುತ್ತಿದ್ದಾಳೆ, ನನಗೆ ಹೊಟ್ಟೆ ಕಾಣಲಿ ಅಂತ —