ಬಾಗಿಲಿಗೆ ಬೇಡವಾದ ಬೋರ್ಡು

ಜುಲೈ ೧೪, ಭಾನುವಾರ

ಪ್ರೀತಿಯ ಗುಬ್ಬಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ಹುಡುಕಿಕೊಂಡು ಎದ್ದುಬಿಡುತ್ತಿದ್ದೆ. ಸಿಟ್ಟಾಗಬೇಡ, ಆದರೂ ತಪ್ಪಿಲ್ಲ. 'ಆರು ತಿಂಗಳು ಕುಡಿತ ಮುಟ್ಟದೆ ಇದ್ದರೆ ಇಲ್ಲಿಗೇ ಬಂದುಬಿಡಪ್ಪ, ನಾನು ಕೆಲಸಕ್ಕೆ ಹೋದಾಗ ಮಗುವನ್ನು ನೀನೇ ನೋಡಿಕೊಳ್ಳುವಿಯಂತೆ' ಎಂದು ಬರೆದಿದ್ದೀಯ. ಆ ಸಾಲನ್ನು ಓದಿ ಓದಿ ಕಾಗದದ ಮಡಿಕೆ ಹರಿಯುತ್ತ ಬಂದಿದೆ. ನಾಡಿದ್ದಿಗೆ ಆರು ತಿಂಗಳು ತುಂಬುತ್ತದೆ.

ಹೇಗೆ ಬಿಟ್ಟೆ ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ಔಷಧಿ ಅಂಗಡಿಯ ಷಟರಿನ ಮೇಲೆ ಹೆಸರು ಬರೆಯುತ್ತಿದ್ದೆ. ಬೆಳಿಗ್ಗೆ ಹತ್ತು ಗಂಟೆಗೇ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಒಂದೇ ಗೆರೆಯನ್ನು ಮೂರು ಸಲ ಒರೆಸಿದೆ. ನೋಡುತ್ತ ನಿಂತಿದ್ದ ಅಂಗಡಿಯವನು "ಪೇಂಟರ್ರೇ, ಇಳೀರಿ ಕೆಳಗೆ" ಎಂದ. ಕೆಲಸ ಹೋಯಿತು ಅಂದುಕೊಂಡೆ. ಅವನು ಬಿಲ್ಲಿನ ಹಿಂದೆ ಒಂದು ವಿಳಾಸ ಗೀಚಿ ಕೊಟ್ಟು, "ನಮ್ಮಣ್ಣ ಅಲ್ಲಿಗೆ ಹೋಗ್ತಿದ್ದ. ಗುರುವಾರ ಸಂಜೆ. ನೀವೂ ಒಂದ್ಸಲ ಹೋಗಿ ಕೂತ್ಕೊಂಡು ಬನ್ನಿ" ಎಂದ. ಹನ್ನೊಂದು ದಿನ ಆ ಚೀಟಿ ಜೇಬಿನಲ್ಲೇ ಇತ್ತು.

ಕೊನೆಗೆ ಹೋದೆ. ಪ್ರೈಮರಿ ಶಾಲೆಯೊಂದರ ಹಿಂದಿನ ಕೋಣೆ, ಗೋಡೆಯ ತುಂಬ ಮಗ್ಗಿ. ಚಿಕ್ಕ ಮಕ್ಕಳ ಕುರ್ಚಿಗಳಲ್ಲಿ ಏಳೆಂಟು ಜನ ದೊಡ್ಡವರು ಮೊಣಕಾಲು ಎದೆಗೆ ಬರುವಂತೆ ಮುದುಡಿಕೊಂಡು ಕೂತಿದ್ದರು. ನಡೆಸಿಕೊಡುವವರು ಒಬ್ಬ ನಿವೃತ್ತ ನರ್ಸ್, ಎಲ್ಲರಿಗೂ ಅಕ್ಕ. "ಯಾರು ಬೇಕಿತ್ತು?" ಎಂದರು. ನಾಚಿಕೆಯಾಯಿತು. ಚೀಲದಿಂದ ಟೇಪು ತೆಗೆದು ಬಾಗಿಲಿನ ಅಗಲ ಅಳೆಯತೊಡಗಿದೆ. "ಬೋರ್ಡ್ ಬರೀಬೇಕು ಅಂದಿದ್ರಂತಲ್ಲ, ಅಳತೆಗೆ ಬಂದೆ" ಎಂದೆ. ಯಾರೂ ನಗಲಿಲ್ಲ. "ಆಗ್ಲಿ, ಅಳತೆ ಮುಗಿಸಿ ಆ ಖಾಲಿ ಕುರ್ಚೀಲಿ ಕೂತ್ಕೊಳ್ಳಿ" ಎಂದರು ಅಕ್ಕ. ಕೂತೆ.

ಅಲ್ಲಿ ಹೆಸರು ಕೇಳುವುದಿಲ್ಲ. ಪಕ್ಕದಲ್ಲಿದ್ದವನು ಬಸ್ ಡ್ರೈವರ್. ಬಿಟ್ಟು ಏಳು ತಿಂಗಳಾಗಿತ್ತು. ಮೊದಲ ವಾರಗಳಲ್ಲಿ ನನಗೆ ಮೈಯೆಲ್ಲ ನಡುಕ ಹತ್ತಿಕೊಂಡಾಗ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬಂದು ಎದುರಿಗೆ ಕೂತಿರುತ್ತಿದ್ದ. "ಸುಮ್ನೆ ಮಲಗಿ, ಇದೂ ಒಂದು ಟ್ರಿಪ್ಪು, ಮುಗಿಯುತ್ತೆ" ಎನ್ನುತ್ತಿದ್ದ. ಅವನಿಲ್ಲದಿದ್ದರೆ ನಾನು ಮೂರನೆಯ ದಿನವೇ ಹೋಗಿ ಕುಡಿಯುತ್ತಿದ್ದೆ.

ಹೋದ ತಿಂಗಳು ಏನೋ ಹುಮ್ಮಸ್ಸು ಬಂತು. ಕೈ ಹಿಡಿತಕ್ಕೆ ಬಂದಿದೆ, ಇವರ ಉಪಕಾರಕ್ಕೆ ನನ್ನದೂ ಏನಾದರೂ ಇರಲಿ ಎಂದು ಯಾರಿಗೂ ಹೇಳದೆ ನಾಲ್ಕಡಿಯ ಬೋರ್ಡು ಬರೆದೆ. 'ಕುಡಿತ ಬಿಟ್ಟವರ ಸಂಘ, ಪ್ರತಿ ಗುರುವಾರ ಸಂಜೆ ಆರಕ್ಕೆ.' ಹಳದಿಯ ಮೇಲೆ ಕೆಂಪು, ಬೀದಿಯ ಆ ತುದಿಗೂ ಕಾಣಬೇಕು. ಬುಧವಾರವೇ ಹಿಂದಿನ ಗೇಟಿಗೆ ಕಟ್ಟಿದೆ. ನಲವತ್ತು ವರ್ಷ ಎಲ್ಲರಿಗೂ ಕಾಣುವಂತೆ ಬರೆದು ಬದುಕಿದವನಿಗೆ, ಯಾರಿಗೂ ಕಾಣಬಾರದ ಬಾಗಿಲೂ ಇರುತ್ತದೆ ಎಂದು ಹೊಳೆಯಲೇ ಇಲ್ಲ. ಗುರುವಾರ ಅಕ್ಕ ಮತ್ತು ನಾನು, ಇಬ್ಬರೇ. ಡ್ರೈವರಿಗೆ ಆ ವಾರ ವರ್ಷ ತುಂಬಬೇಕಿತ್ತು. ಗೇಟಿನ ತನಕ ಬಂದನಂತೆ. ಎದುರಿನ ಚಹಾದಂಗಡಿಯಲ್ಲಿ ಡಿಪೋದವರು ಕೂತಿದ್ದರಂತೆ. ಹಾಗೇ ಮುಂದೆ ನಡೆದುಹೋಗಿ ಕುಡಿದಿದ್ದಾನೆ.

ಬೋರ್ಡು ಬಿಚ್ಚಿ ಬಿಳಿ ಬಳಿದು ಅವನ ಮನೆಗೆ ಹೋದೆ. ಹೆಂಡತಿ ನನ್ನ ಮುಖ ನೋಡದೆ ಬಾಗಿಲು ತೆರೆದಳು. "ತಪ್ಪಾಯ್ತಪ್ಪ, ನನ್ನಿಂದಾನೇ ಆಯ್ತು" ಎಂದೆ. ಅವನು ನನಗೆ ಕೂರಲು ಚಾಪೆ ಹಾಸಿದ. "ಕುಡಿಸಿದ್ದು ಬೋರ್ಡಲ್ಲ ಕಣ್ರೀ, ನಾನೇ ಕುಡಿದಿದ್ದು. ಆದ್ರೆ ನೀವು ಮನೆಗೆ ಬಂದು ಹೇಳಿದ್ರಿ. ನಾನು ಇವಳಿಗೆ ಒಂದು ದಿನಾನೂ ಹಾಗೆ ಹೇಳಿದವನಲ್ಲ" ಎಂದ. ಕುಡಿದು ಡ್ಯೂಟಿಗೆ ಹೋದನೆಂದು ಅವನನ್ನು ಕೆಲಸದಿಂದ ಸಸ್ಪೆಂಡ್ ಮಾಡಿದ್ದಾರೆ. ಗುರುವಾರಗಳಿಗೆ ಇನ್ನೂ ಬಂದಿಲ್ಲ. ಈಗ ಸಂಜೆ ಹೋಗಿ ನಾನು ಅವನ ಎದುರಿಗೆ ಕೂರುತ್ತೇನೆ.

ಮೊನ್ನೆ ಅಕ್ಕ ನನ್ನನ್ನು ಬೇರೆ ಕರೆದು, "ಎಲ್ಲಾ ಹೇಳ್ತೀರಿ, ಒಂದರ ಹತ್ರ ಬಂದು ಬಂದು ವಾಪಸ್ ಹೋಗ್ತೀರಿ. ನಮಗೆ ಹೇಳ್ಬೇಡಿ, ಯಾರಿಗೆ ಹೇಳ್ಬೇಕೋ ಅವರಿಗೆ ಹೇಳಿ" ಎಂದರು. ನಿನ್ನ ಕಾಗದದಲ್ಲಿ ಇನ್ನೊಂದು ಸಾಲಿದೆಯಲ್ಲ, 'ಅಮ್ಮ ಇದ್ದಿದ್ದರೆ ಅವಳ ಹತ್ತಿರ ಮಗು ಬಿಡುತ್ತಿರಲಿಲ್ಲ, ನಿನ್ನ ಹತ್ತಿರ ಬಿಡಲು ಹೆದರಿಕೆಯಿಲ್ಲ' ಎಂದು. ಅದನ್ನು ಮಾತ್ರ ನಾನು ಒಂದೇ ಸಲ ಓದಿದ್ದು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನನ್ನ ಕಂದಮ್ಮನಿಗೆ ನೂರು ವರ್ಷ ಆಯಸ್ಸಿರಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಎಡತೋಳು ಸುಟ್ಟಾಗ ನಿನಗೆ ಮೂರು ವರ್ಷ. ಕುದಿಯುವ ನೀರನ್ನು ಕಟ್ಟೆಯ ಅಂಚಿಗಿಟ್ಟು ಅಮ್ಮ ಎಲ್ಲೋ ಹೋದಳು ಎಂದೇ ನೀನು ನಂಬಿ ಬೆಳೆದೆ. ಅವಳು ಸಾಯುವಾಗಲೂ ನೀನು ಅವಳ ಕೈ ಹಿಡಿಯಲಿಲ್ಲ. ಆವತ್ತು ಅವಳು ಕೆಲಸಕ್ಕೆ ಹೋಗಿದ್ದಳು. ನಿನ್ನನ್ನು ನೋಡಿಕೊಳ್ಳಬೇಕಾದವನು ನಾನು. ನೀರಿಟ್ಟವನೂ ನಾನೇ. ಕುಡಿದು ಬಿದ್ದಿದ್ದೆ, ನೀನು ಕಿರುಚಿದರೂ ಎಚ್ಚರವಾಗಲಿಲ್ಲ. ಅವಳೇ ಬಂದು ನಿನ್ನನ್ನು ಎತ್ತಿಕೊಂಡು ಓಡಿದಳು. ಮಾರನೆಯ ದಿನ ಆಸ್ಪತ್ರೆಯಲ್ಲಿ, "ನಾನೇ ಇಟ್ಟಿದ್ದೆ ಅಂತೀನಿ. ಅವಳಿಗೆ ನಿಮ್ಮನ್ನ ಕಂಡ್ರೆ ಪ್ರಾಣ, ಅದೊಂದು ಉಳೀಲಿ" ಅಂದಳು. ನಾನು ಹೂಂ ಅಂದೆ. ಮಗುವಿನ ವಿಷಯ ನೀನೇ ಯೋಚಿಸು. ಹೂಂ ಅಂದಾಗ ನಾನು ಕುಡಿದಿರಲಿಲ್ಲ, ಗುಬ್ಬಿ.